ಹಳ್ಳಿಯ ಆರೋಗ್ಯ ಕೆಲಸಕ್ಕೆ ಫೋನ್ ಬಳಸುವುದು ಹೇಗೆ: ಕೋಲಾರ ಜಿಲ್ಲೆಯವರಿಗೆ ಸಮಗ್ರ ಮಾರ್ಗದರ್ಶಿ

ಕೋಲಾರ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ, ಸಂಜೆ ಡೈರಿ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರಲ್ಲಿ ಸುಮಾರು ಜನ ಫೋನ್ ನೋಡುತ್ತಿರುತ್ತಾರೆ. ಅದರಲ್ಲಿ ಬೆಳಿಗ್ಗೆ ಬಂದ ಒಂದು ಫಾರ್ವರ್ಡ್ ಇರುತ್ತದೆ: ಈ ಕಷಾಯ ಕುಡಿದರೆ ಶುಗರ್ ಮಾತ್ರೆ ಬಿಡಬಹುದು ಅಂತ. ಆಸ್ಪತ್ರೆ ಕಡೆಯಿಂದ ಬಂದ ಸುತ್ತೋಲೆ ಕೂಡ ಅದರ ಕೆಳಗೇ ಇರುತ್ತದೆ, ಪಿಡಿಎಫ್ ರೂಪದಲ್ಲಿ. ಅದನ್ನು ಯಾರೂ ತೆರೆದಿರುವುದಿಲ್ಲ.

ಈ ಬರಹ ಆಶಾ ಕಾರ್ಯಕರ್ತೆಯರಿಗೆ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ (ಎಲ್ಲರೂ ಹೇಳುವಂತೆ ಸಿಎಚ್‌ಒಗಳಿಗೆ), ಸ್ತ್ರೀಶಕ್ತಿ ಸಂಘದವರಿಗೆ, ಮೇಷ್ಟ್ರುಗಳಿಗೆ, ಊರಿಗೆ ಏನಾದರೂ ಮಾಡಬೇಕು ಅನ್ನುವ ಹುಡುಗ ಹುಡುಗಿಯರಿಗೆ. ನಾನು ಗಟ್ಟಿಯಾಗಿ ನಂಬಿರುವುದು ಇಷ್ಟು. ಮೆಸೇಜ್ ಕಳಿಸಿದರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಅದನ್ನು ಕೇಳಿದವರು ಮುಂದೆ ಏನು ಮಾಡಿದರು ಅಂತ ವಿಚಾರಿಸುವ, ಬೇಕಾದರೆ ಆಸ್ಪತ್ರೆವರೆಗೂ ಜೊತೆಗೆ ಹೋಗುವ ಒಬ್ಬರು ಊರಲ್ಲಿ ಇರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಆ ಒಬ್ಬರಿಗಾಗಿ.

ಹೆಜ್ಜೆ 1: ಯಾರ ಕೈಲಿ ಯಾವ ಫೋನ್, ಯಾವ ಹೊತ್ತಲ್ಲಿ?

ಮೊದಲು ಒಂದು ನೋಟ್‌ಬುಕ್ ಹಿಡಿಯಿರಿ. "ಮನೇಲಿ ಸ್ಮಾರ್ಟ್‌ಫೋನ್ ಇದೆಯಾ?" ಅಂತ ಕೇಳಿದರೆ ಬಹಳ ಮನೆಯವರು ಹೌದು ಅಂತಾರೆ. ಆದರೆ ಆ ಫೋನ್ ನರಸಾಪುರದ ಫ್ಯಾಕ್ಟರಿಗೆ ಶಿಫ್ಟ್ ಹೋಗುವ ಮಗನದಾಗಿರುತ್ತದೆ. ಇಲ್ಲವೇ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಸೊಸೆಯದು. ಬಿಪಿ ಇರುವ ಅಜ್ಜಿ ಮನೆಯಲ್ಲಿ, ಫೋನ್ ಮನೆಗೆ ಬರುವುದು ರಾತ್ರಿ. ಬೆಳಿಗ್ಗೆ 11ಕ್ಕೆ ಕಳಿಸಿದ ಮೆಸೇಜ್ ಅಜ್ಜಿಗೆ ತಲುಪುವುದೇ ಇಲ್ಲ.

ಹಾಗಾಗಿ ಪ್ರತಿ ಮನೆಯಲ್ಲೂ ನಾಲ್ಕು ವಿಷಯ ಬರೆದುಕೊಳ್ಳಿ. ಕಾಯಿಲೆ ಇರುವವರು ಯಾರು? ಅವರ ಕೈಗೆ ಸಿಗುವ ಫೋನ್ ಸ್ಮಾರ್ಟ್‌ಫೋನೋ ಕೀಪ್ಯಾಡೋ? ಅದು ಮನೆಯಲ್ಲಿ ಯಾವ ಹೊತ್ತು ಇರುತ್ತದೆ? ಅವರು ಯಾವ ಭಾಷೆಯಲ್ಲಿ ಕೇಳಿದರೆ ಹಾಯಾಗಿ ತಿಳಿಯುತ್ತದೆ?

ಕೊನೆಯ ಪ್ರಶ್ನೆ ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದಿದ್ದು ಕನ್ನಡ. ಕೆಜಿಎಫ್‌ನಲ್ಲಿ ತಮಿಳು. ಊರೂರಲ್ಲಿ ಉರ್ದು ಮಾತಾಡುವ ಕೇರಿಗಳಿವೆ. ಹೊಟ್ಟೆನೋವನ್ನು ಮನುಷ್ಯ ಮನೆಮಾತಿನಲ್ಲೇ ಹೇಳುತ್ತಾನೆ. ಔಷಧಿ ಮಾತನ್ನೂ ಆ ಮಾತಿನಲ್ಲೇ ಕೇಳಬೇಕು.

ಹೆಜ್ಜೆ 2: ಒಂದೇ ವಿಷಯ ಹಿಡಿಯಿರಿ

ಡೆಂಗಿ, ರಕ್ತಹೀನತೆ, ಕ್ಷಯ, ಲಸಿಕೆ, ಕೈ ತೊಳೆಯೋದು ಅಂತ ಎಲ್ಲವನ್ನೂ ಒಂದೇ ವಾರದಲ್ಲಿ ಕಳಿಸಿದರೆ ಯಾವುದೂ ನಿಲ್ಲುವುದಿಲ್ಲ. ಮೂರು ತಿಂಗಳಿಗೆ ಒಂದು ವಿಷಯ ಸಾಕು.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ ನಾನು ಬಿಪಿ, ಶುಗರ್ ಅಂತಲೇ ಹೇಳುತ್ತೇನೆ. ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. 30 ವರ್ಷ ದಾಟಿದವರಿಗೆ ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡಿ ಔಷಧಿ ಕೊಡುವ ಕೆಲಸ ಅದು. ಹಾಗಾಗಿ ಎಷ್ಟೋ ಜನಕ್ಕೆ ತಮಗೆ ಬಿಪಿ ಇದೆ ಅಂತ ಈಗ ಗೊತ್ತಾಗಿದೆ. ಗೊತ್ತಾದ ಮೇಲೆ ಮಾತ್ರೆ ಬಿಡದೆ ನುಂಗುವುದೇ ಕಷ್ಟ. ಫೋನ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ವಿಷಯ ನೀರಿನ ಫ್ಲೋರೈಡ್. ಕೊಳವೆಬಾವಿ ಆಳ ಹೋದಷ್ಟೂ ಈ ತೊಂದರೆ ಬಹಳ ಊರುಗಳಲ್ಲಿ ಕಂಡಿದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಕೀಲು ನೋವು, ಬೆನ್ನು ಬಗ್ಗದ ತೊಂದರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇರಬಾರದು. "ನೀರು ಕಾಯಿಸಿ ಕುಡಿಯಿರಿ" ಅನ್ನುವ ಮೆಸೇಜ್ ವಾಂತಿ ಭೇದಿಗೆ ಸರಿ, ಫ್ಲೋರೈಡಿಗೆ ಪೂರ್ತಿ ತಪ್ಪು. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದೆಯಾ ಅಂತ ಕೇಳಿ. ಪ್ರತಿ ಕೊಳವೆಬಾವಿಯ ಹೆಸರು, ಪರೀಕ್ಷೆಯ ತಾರೀಖು, ಬಂದ ಅಂಕಿ ಬರೆದ ಚೀಟಿಯ ಫೋಟೋ ಊರಿನ ಗುಂಪಿಗೆ ಹಾಕಿ. "ದೇವಸ್ಥಾನದ ಹತ್ತಿರದ ಬೋರ್ ನೀರು ಕುಡಿಯೋಕೆ ಬೇಡ, ತೊಳೆಯೋ ಬಳಕೆಗೆ ಇರಲಿ, ಕುಡಿಯೋಕೆ ಶುದ್ಧ ನೀರಿನ ಘಟಕದ್ದು ತನ್ನಿ" ಅಂತ ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ಹೆಜ್ಜೆ 3: ಬರೆಯಬೇಡಿ, ಮಾತಾಡಿ

ಧ್ವನಿ ಸಂದೇಶಕ್ಕೆ ಸಮನಾದದ್ದು ಇನ್ನೊಂದಿಲ್ಲ. ಓದಲು ಬಾರದವರೂ ಕೇಳುತ್ತಾರೆ, ಕನ್ನಡಕ ಮರೆತವರೂ ಕೇಳುತ್ತಾರೆ. ಅದೂ ಪರಿಚಯದ ಗಂಟಲು ಆಗಿದ್ದರೆ ಪೂರ್ತಿ ಕೇಳುತ್ತಾರೆ. ಒಂದು ನಿಮಿಷ ದಾಟಬಾರದು. ಒಂದೇ ಮಾತು, ಒಂದೇ ಕಾರಣ, ಒಂದೇ ಕೆಲಸ, ಕೊನೆಗೆ ನೀವು ಸಿಗುವ ಜಾಗ. ಹೀಗೆ:

"ನಮಸ್ಕಾರ, ನಾನು ನಿಮ್ಮೂರಿನ ಆಶಾ ಮಾತಾಡ್ತಿದೀನಿ. ಬಿಪಿ ಮಾತ್ರೆ ನುಂಗೋರಿಗೆ ಒಂದು ಮಾತು. ಮೊನ್ನೆ ನೋಡಿದಾಗ ಬಿಪಿ ನಾರ್ಮಲ್ ಬಂತು ಅಂತ ಮಾತ್ರೆ ನಿಲ್ಲಿಸಬೇಡಿ. ನಾರ್ಮಲ್ ಬಂದಿರೋದೇ ಮಾತ್ರೆಯಿಂದ. ಇನ್ನು 5 ದಿನಕ್ಕೆ ಆಗೋಷ್ಟು ಮಾತ್ರೆ ಇರುವಾಗಲೇ ನನಗೆ ಹೇಳಿ. ಗುರುವಾರ ಬೆಳಿಗ್ಗೆ ಸೆಂಟರ್‌ನಲ್ಲಿ ಇರ್ತೀನಿ, ಖಾಲಿ ಸ್ಟ್ರಿಪ್ ತಗೊಂಡು ಬನ್ನಿ."

ಇಷ್ಟೇ. "ಅಧಿಕ ರಕ್ತದೊತ್ತಡವು ಒಂದು ಅಸಾಂಕ್ರಾಮಿಕ ರೋಗವಾಗಿದ್ದು" ಅಂತ ಶುರು ಮಾಡಿದರೆ ಜನ ಅಲ್ಲೇ ಬಿಡುತ್ತಾರೆ.

ರೆಕಾರ್ಡ್ ಮಾಡುವಾಗ ಫ್ಯಾನ್ ಆರಿಸಿ. ಫೋನನ್ನು ಬಾಯಿಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಪಂಪ್ ಮೋಟಾರ್ ಓಡುವ ಕಡೆ ನಿಲ್ಲಬೇಡಿ. ತೆಲುಗಿನಲ್ಲಿ ಬೇಕಾದರೆ ಕನ್ನಡದ್ದನ್ನು ಅನುವಾದ ಮಾಡಿ ಓದಿಸಬೇಡಿ. ವಿಷಯ ಹೇಳಿ, ತೆಲುಗು ಮನೆಮಾತಿನವರೊಬ್ಬರಿಗೆ ಅವರ ರೀತಿಯಲ್ಲೇ ಹೇಳಲು ಬಿಡಿ. ಗಡಿ ಕಡೆಯ ತೆಲುಗು ಟಿವಿ ತೆಲುಗಿನ ಹಾಗೆ ಇರುವುದಿಲ್ಲ, ಅಲ್ವಾ?

ಕಳಿಸುವ ಮೊದಲು ಎರಡು ಪರೀಕ್ಷೆ. ಒಂದು, ವಿಷಯ ಸರಿಯೇ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರಿಗೋ ಸಿಎಚ್‌ಒಗೋ ಕೇಳಿಸಿ. ಎರಡು, ಊರಿನ ಒಬ್ಬ ಹಿರಿಯ ಹೆಂಗಸಿಗೆ ಕೇಳಿಸಿ, "ನಾನು ಏನು ಹೇಳಿದೆ?" ಅಂತ ಕೇಳಿ. ಅವರು ಹೇಳಿದ ರೀತಿ ನಿಮ್ಮದಕ್ಕಿಂತ ಚೆನ್ನಾಗಿದ್ದರೆ ಅದನ್ನೇ ರೆಕಾರ್ಡ್ ಮಾಡಿಕೊಳ್ಳಿ.

ವಿಡಿಯೊ ಬೇಕಾಗುವುದು ಕೈಯಲ್ಲಿ ಮಾಡಿ ತೋರಿಸುವ ಕೆಲಸಕ್ಕೆ ಮಾತ್ರ. ಒಆರ್‌ಎಸ್ ಕಲಸುವುದು ಒಳ್ಳೆ ಉದಾಹರಣೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು, 24 ಗಂಟೆಯಲ್ಲಿ ಮುಗಿಯದಿದ್ದರೆ ಚೆಲ್ಲಬೇಕು. ನಿಮ್ಮೂರಿನ ಅಂಗನವಾಡಿಯಲ್ಲೇ, ಎಲ್ಲರ ಮನೆಯಲ್ಲೂ ಇರುವ ಒಂದು ಲೀಟರ್ ನೀರಿನ ಬಾಟಲಿ ಇಟ್ಟುಕೊಂಡು ತೋರಿಸಿ. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕುವ ಅಭ್ಯಾಸ ಆಗ ಹೋಗುತ್ತದೆ.

ಹೆಜ್ಜೆ 4: ತಲುಪಿಸುವ ದಾರಿಗಳು

ವಾಟ್ಸ್‌ಆ್ಯಪ್ ಗುಂಪು ಮಾಡಿದರೆ "ಅಡ್ಮಿನ್ ಮಾತ್ರ ಕಳಿಸಬಹುದು" ಅನ್ನುವ ಸೆಟ್ಟಿಂಗ್ ಹಾಕಿ. ಇಲ್ಲದಿದ್ದರೆ ಒಂದು ವಾರದಲ್ಲಿ ಶುಭೋದಯದ ಹೂವಿನ ಚಿತ್ರಗಳ ಕೆಳಗೆ ನಿಮ್ಮ ಮಾತು ಮುಳುಗುತ್ತದೆ. ಪ್ರಶ್ನೆ ಕೇಳುವವರು ನಿಮಗೆ ನೇರವಾಗಿ ಕಳಿಸಲಿ. ಗುಂಪಿನಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ಅದು ಬೇಡ ಅನ್ನುವ ಹೆಣ್ಣುಮಕ್ಕಳಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಒಳ್ಳೆಯದು, ಅದರಲ್ಲಿ ಮೆಸೇಜ್ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ಹೋಗುತ್ತದೆ. ಮನೆಗೆ ಹೋದಾಗ ಅವರ ಫೋನ್ ತೆಗೆದುಕೊಂಡು ನೀವೇ ಸೇವ್ ಮಾಡಿ ಕೊಡಿ.

ಕೀಪ್ಯಾಡ್ ಫೋನಿನವರಿಗೆ ಕರೆಯೇ ಗತಿ. ನಾಲ್ಕೈದು ಜನರನ್ನು ಕಾನ್ಫರೆನ್ಸ್ ಕರೆಯಲ್ಲಿ ಸೇರಿಸಿ ಹತ್ತು ನಿಮಿಷ ಮಾತಾಡಬಹುದು. ಗರ್ಭಿಣಿಯರಿಗೆ ಇದು ಬಹಳ ಒಗ್ಗುತ್ತದೆ. ಒಬ್ಬಳು ಕೇಳಿದ ಪ್ರಶ್ನೆ ಇನ್ನೊಬ್ಬಳದೂ ಆಗಿರುತ್ತದೆ.

ಫೋನೇ ಇಲ್ಲದವರಿಗೆ? ಡೈರಿ ಕಾರ್ಯದರ್ಶಿಯನ್ನು ಕೇಳಿ, ಹಾಲು ಅಳೆಯುವ ಹೊತ್ತಿನಲ್ಲಿ ಆಡಿಯೊ ಹಾಕಲಿ. ಬೆಳಿಗ್ಗೆ ಸಂಜೆ ಊರಿನ ಜನ ತಾವಾಗಿ ಬಂದು ಸೇರುವ ಜಾಗ ಅದಕ್ಕಿಂತ ಬೇರೆ ಇಲ್ಲ. ಪಂಚಾಯಿತಿಯ ಕಸದ ಗಾಡಿ, ಸ್ವಚ್ಛ ವಾಹಿನಿಯ ಮೈಕ್ ಕೂಡ ಒಳ್ಳೆಯ ದಾರಿ. ಗ್ರಾಮ ಪಂಚಾಯಿತಿ ಗ್ರಂಥಾಲಯದ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಆರೋಗ್ಯದ ವಿಡಿಯೊ ತೋರಿಸಿ. ಮಕ್ಕಳು ಮನೆಗೆ ಹೋಗಿ ಹೇಳದೆ ಬಿಡುವುದಿಲ್ಲ.

ಹೆಜ್ಜೆ 5: ವಿಡಿಯೊದಲ್ಲಿ ವೈದ್ಯರನ್ನು ಕಾಣುವುದು

ಇ-ಸಂಜೀವಿನಿ ಕೇಂದ್ರ ಸರ್ಕಾರದ ಉಚಿತ ಸೇವೆ. ಉಪಕೇಂದ್ರದಿಂದ ವೈದ್ಯರಿಗೆ ಸಂಪರ್ಕ ಕೊಡುವ ಭಾಗ 2019ರಲ್ಲಿ ಶುರುವಾಯಿತು. ಮನೆಯಿಂದಲೇ ನೋಡಿಸಿಕೊಳ್ಳುವ ಒಪಿಡಿ (ಹೊರರೋಗಿ) ಭಾಗ ಬಂದದ್ದು ಕೋವಿಡ್ ಲಾಕ್‌ಡೌನ್ ಹೊತ್ತಿಗೆ, 2020ರ ಏಪ್ರಿಲ್‌ನಲ್ಲಿ. ಮೊಬೈಲ್ ನಂಬರ್, ಒಟಿಪಿ ಹಾಕಿ ಒಳಗೆ ಹೋಗಿ, ರೋಗಿಯ ವಿವರ ತುಂಬಿ, ರಾಜ್ಯ ಮತ್ತು ಒಪಿಡಿ ಆರಿಸಿದರೆ ಸರದಿ ಬರುತ್ತದೆ. ಮಾತು ಮುಗಿದ ಮೇಲೆ ಔಷಧಿ ಚೀಟಿ ಫೋನಿಗೇ ಬರುತ್ತದೆ. ಒಪಿಡಿಯ ಸಮಯ ಆ್ಯಪ್‌ನಲ್ಲೇ ಕಾಣುತ್ತದೆ, ನೋಡಿಕೊಂಡು ಕೂರಿ.

ಆದರೂ ನನ್ನ ಸಲಹೆ ಬೇರೆ. ವಯಸ್ಸಾದವರನ್ನು, ಮೊದಲ ಸಲದವರನ್ನು ಮನೆಯಿಂದ ಕೂರಿಸಬೇಡಿ. ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ, ಅಂದರೆ ನಮ್ಮ ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಸಿಎಚ್‌ಒ ಬಿಪಿ, ಶುಗರ್, ತೂಕ, ಜ್ವರ ನೋಡಿ, ಅದನ್ನು ತುಂಬಿ, ವೈದ್ಯರಿಗೆ ಸಂಪರ್ಕ ಕೊಡುತ್ತಾರೆ. ಮುಟ್ಟಿ ನೋಡುವ ಒಂದು ಕೈ ಈ ಕಡೆ ಇದ್ದರೆ ಆ ಕಡೆಯ ವೈದ್ಯರ ಸಲಹೆಗೆ ಬೆಲೆ ಹೆಚ್ಚು.

ಹೋಗುವ ಮೊದಲು ತಯಾರಿ ಬೇಕು. ಹಳೆಯ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಸ್ಟ್ರಿಪ್ ಸಮೇತ ಒಂದು ಕವರಿಗೆ ಹಾಕಿ, ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದ ನೋವಿನ ಮಾತ್ರೆಯನ್ನೂ ಸೇರಿಸಿ. ಇಲ್ಲೊಂದು ಸಣ್ಣ ವಿಷಯ ಇದೆ, ಆದರೆ ಇದರಿಂದ ಆಗುವ ತೊಂದರೆ ದೊಡ್ಡದು. ಎಷ್ಟೋ ಜನ ತರುವ ಸ್ಟ್ರಿಪ್‌ನಲ್ಲಿ ಕೊನೆಯ ಎರಡು ಮಾತ್ರೆ ಮಾತ್ರ ಇರುತ್ತವೆ. ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ ಅನ್ನುವುದು ಹರಿದುಹೋದ ತುಂಡಿನ ಜೊತೆ ಹೋಗಿರುತ್ತದೆ. ಬಿಳಿ ಮಾತ್ರೆ, ಚಿಕ್ಕದು ಅಂತ ಹೇಳಿದರೆ ವೈದ್ಯರಿಗೆ ಏನು ಗೊತ್ತಾಗಬೇಕು? ಹೆಸರು ಅಚ್ಚಾದ ಕಡೆಯಿಂದ ಮಾತ್ರೆ ಒಡೆಯಬೇಡಿ, ಎದುರಿನ ತುದಿಯಿಂದ ಶುರು ಮಾಡಿ ಅಂತ ಪ್ರತಿ ಮನೆಯಲ್ಲೂ ಹೇಳಿಕೊಡಿ. ಹೊಸ ಸ್ಟ್ರಿಪ್ ಕೈಗೆ ಬಂದ ದಿನವೇ ಅದರ ಹಿಂಭಾಗದ ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಬಿಪಿ ಅಳೆಯುವಾಗ ಬಂದ ತಕ್ಷಣ ಪಟ್ಟಿ ಕಟ್ಟಬೇಡಿ. 5 ನಿಮಿಷ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕೈ ಎದೆಯ ಮಟ್ಟದಲ್ಲಿ. ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡೂ ಅಂಕಿ ಬರೆಯಿರಿ.

ಕೂರುವ ಜಾಗದಲ್ಲಿ ಬೆಳಕು ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಕಿಟಕಿ ಇರದಿರಲಿ. ಚರ್ಮದ ತೊಂದರೆ ಆಗಿದ್ದರೆ ಹಗಲು ಬೆಳಕಿನಲ್ಲಿ ಎರಡು ಫೋಟೋ ಮೊದಲೇ ತೆಗೆಯಿರಿ. ಒಂದು ಹತ್ತಿರದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. ಇನ್ನೊಂದು ದೂರದಿಂದ, ದೇಹದ ಯಾವ ಭಾಗ ಅಂತ ಗೊತ್ತಾಗುವ ಹಾಗೆ. ನೆಟ್‌ವರ್ಕ್ ಕೈಕೊಟ್ಟರೆ ವಿಡಿಯೊ ನಿಲ್ಲಿಸಿ ಮಾತಿನಲ್ಲೇ ಮುಂದುವರಿಸಬಹುದೇ ಅಂತ ವೈದ್ಯರನ್ನು ಕೇಳಿ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ವಿಡಿಯೊ, ಆಡಿಯೊ, ಬರಹ ಮೂರಕ್ಕೂ ಅವಕಾಶ ಇದೆ. ಆದರೆ ಕೆಲವು ಔಷಧಿಗಳನ್ನು ಮೊದಲ ಸಲ ಬರೆಯಲು ವಿಡಿಯೊ ಇರಲೇಬೇಕು. ಚಟ ಹಿಡಿಸುವ ಅಪಾಯ ಇರುವ ಷೆಡ್ಯೂಲ್ ಎಕ್ಸ್ ಪಟ್ಟಿಯ ಔಷಧಿಗಳನ್ನು ಫೋನಿನಲ್ಲಿ ಬರೆಯುವಂತೆಯೇ ಇಲ್ಲ. "ನೇರವಾಗಿ ಬಂದು ತೋರಿಸಿ" ಅಂತ ವೈದ್ಯರು ಹೇಳಿದರೆ ಅದು ಅವರ ಹಕ್ಕು. ಬೇಜಾರು ಮಾಡಿಕೊಳ್ಳದೆ ಹೋಗಬೇಕು.

ರೋಗಿ ಮಾತಾಡಲಿ, ಮಗ ಅಲ್ಲ. ನಮ್ಮಲ್ಲಿ ಅಮ್ಮನಿಗೆ ಕೇಳಿದ ಪ್ರಶ್ನೆಗೆ ಮಗನೇ ಉತ್ತರ ಕೊಡುವುದು ಜಾಸ್ತಿ. ನೀವು ತೆಲುಗಿನಿಂದ ಕನ್ನಡಕ್ಕೆ ದಾಟಿಸುವುದಾದರೆ ಅವರು ಹೇಳಿದ್ದನ್ನಷ್ಟೇ ದಾಟಿಸಿ. "ಅಮ್ಮಂಗೆ ಗ್ಯಾಸ್ಟ್ರಿಕ್ ಅಂತೆ ಸಾರ್" ಅಂತ ನೀವೇ ಕಾಯಿಲೆಯ ಹೆಸರು ಇಡಬೇಡಿ. "ಎದೆ ಉರಿ ಅಂತಾರೆ, ನಡೆದಾಗ ಜಾಸ್ತಿಯಂತೆ" ಅಂತ ಹೇಳಿ. ಆ ಎರಡನೇ ಮಾತು ಕೇಳಿದರೆ ವೈದ್ಯರ ಲೆಕ್ಕಾಚಾರವೇ ಬದಲಾಗಬಹುದು.

ಮುಗಿದ ಮೇಲೆ ಚೀಟಿಯಲ್ಲಿ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಇದೆಯಾ ನೋಡಿ. ಆಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ಆಯ್ತು ಅಂತಲೇ ತಲೆ ಆಡಿಸುತ್ತಾರೆ. "ಮನೆಗೆ ಹೋಗಿ ಸೊಸೆಗೆ ಏನು ಹೇಳ್ತೀರಿ?" ಅಂತ ಕೇಳಿ. ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ ಅಂತ ಅವರ ಬಾಯಿಂದಲೇ ಬರಲಿ. ಬರದಿದ್ದರೆ ಚೀಟಿಯ ಮಾತನ್ನು ನಿಮ್ಮ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಆ ಮನೆಯ ಫೋನಿಗೆ ಕಳಿಸಿ.

ಹೆಜ್ಜೆ 6: ವಿಡಿಯೊ ಕರೆ ಬೇಡವೇ ಬೇಡ ಅನ್ನುವ ಸಮಯ

ಎದೆ ಒತ್ತಿದ ಹಾಗೆ ನೋವು, ಬೆವರು, ಉಸಿರು ಕಟ್ಟುವುದು. ಮುಖ ಒಂದು ಕಡೆ ಸೊಟ್ಟ, ಕೈ ಎತ್ತಲು ಆಗದಿರುವುದು, ಮಾತು ತೊದಲುವುದು. ಹಾವು ಕಡಿತ. ತೋಟಕ್ಕೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗಿರುವುದು. ಗರ್ಭಿಣಿಗೆ ರಕ್ತಸ್ರಾವ, ಫಿಟ್ಸ್, ಕಣ್ಣು ಮಂಜಾಗುವ ತಲೆನೋವು, ಮಗುವಿನ ಓಡಾಟ ಕಡಿಮೆಯಾಗುವುದು. ಇಂಥ ಹೊತ್ತಲ್ಲಿ ಆ್ಯಪ್ ತೆರೆಯಬೇಡಿ. 108ಕ್ಕೆ ಕರೆ ಮಾಡಿ. ಊರಿನ ಹೆಸರಿನ ಜೊತೆ ಹೋಬಳಿ, ಹತ್ತಿರದ ದೊಡ್ಡ ಊರು, ಡೈರಿ ಅಥವಾ ಶಾಲೆಯ ಗುರುತು ಹೇಳಿ. ಒಂದೇ ಹೆಸರಿನ ಹಳ್ಳಿಗಳು ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ಎದೆನೋವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. "ಗ್ಯಾಸ್ಟ್ರಿಕ್ ಇರ್ಬೇಕು, ಸೋಡಾ ಕುಡಿ" ಅಂತ ಮನೆಯಲ್ಲೇ ಕಳೆಯುವ ಒಂದು ಗಂಟೆ ಜೀವ ತೆಗೆಯಬಹುದು. ಶುಗರ್ ಇರುವವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ತೊಂದರೆಯಾಗಿಯೂ ಹೃದಯಾಘಾತ ಕಾಣಿಸಬಹುದು. ರಾಜ್ಯದಲ್ಲಿ 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದಕ್ಕಾಗಿಯೇ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ಅದು ಆನ್‌ಲೈನಿನಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಹೃದಯಾಘಾತ ಅಂತ ಖಚಿತವಾದರೆ, ಅಗತ್ಯ ಇರುವವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಡಿಜಿಟಲ್ ಸಂಪರ್ಕದಿಂದ ಜೀವ ಉಳಿಯುವುದು ಅಂದರೆ ನನ್ನ ಮಟ್ಟಿಗೆ ಇದೇ. ನಿಮ್ಮ ತಾಲ್ಲೂಕಿನಲ್ಲಿ ಈ ಸೌಲಭ್ಯ ಯಾವ ಆಸ್ಪತ್ರೆಯಲ್ಲಿದೆ ಅಂತ ಈಗಲೇ ವಿಚಾರಿಸಿ ಗುಂಪಿನಲ್ಲಿ ಪಿನ್ ಮಾಡಿ.

ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಹಾಗಾಗಿ "ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ?" ಅನ್ನುವುದನ್ನು ಕೈ ಮೇಲಾದರೂ ಬರೆದುಕೊಂಡು ಹೋಗಿ.

ಹೆಜ್ಜೆ 7: ಮನಸ್ಸಿನ ನೋವಿಗೂ ಒಂದು ನಂಬರ್

ಟೆಲಿ ಮಾನಸ್, 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಟೊಮೇಟೊ ರೇಟು ಬಿದ್ದು ಸಾಲ ಮೈಮೇಲೆ ಬಂದ ರೈತ, ಹೆರಿಗೆ ಆದ ಮೇಲೆ ಸುಮ್ನೆ ಅಳುತ್ತಾ ಕೂರುವ ಬಾಣಂತಿ, ಪರೀಕ್ಷೆಗೆ ಹೆದರಿದ ಹುಡುಗ, ಯಾರು ಬೇಕಾದರೂ ಮಾಡಬಹುದು. ನಂಬರ್ ಕೊಟ್ಟು ಕೈ ತೊಳೆದುಕೊಳ್ಳಬೇಡಿ. "ನಾನು ಡಯಲ್ ಮಾಡಿ ಕೊಡ್ತೀನಿ, ನೀವು ಮಾತಾಡಿ, ನಾನು ಆಚೆ ಇರ್ತೀನಿ" ಅನ್ನಿ. ಜೀವ ಕಳೆದುಕೊಳ್ಳುವ ಮಾತು ಬಂದರೆ ಅವರನ್ನು ಒಬ್ಬರೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಡಬ್ಬಿಗಳನ್ನು ಮನೆಯಿಂದ ಆಚೆ ಇಡಿಸಿ.

ಹೆಜ್ಜೆ 8: ಕಾರ್ಡುಗಳ ಗೊಂದಲ, ಒಟಿಪಿ ಮೋಸ

ಆಭಾ ಅಂದರೆ ನಿಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ನಂಬರ್. ಅದರಿಂದ ಹಣ ಬರುವುದಿಲ್ಲ. ಚಿಕಿತ್ಸೆಯ ಖರ್ಚಿಗೆ ಬರುವುದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಭಾ ಕಾರ್ಡ್ ಹಿಡಿದು ಆಪರೇಷನ್‌ಗೆ ಹೋಗಿ ವಾಪಸ್ ಬರುವವರು ಇದ್ದಾರೆ. ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿ ಹೇಳಿ.

ಆಭಾ ಮಾಡಿಸಲು ದುಡ್ಡಿಲ್ಲ. ಕಡ್ಡಾಯವೂ ಅಲ್ಲ. ಆಸ್ಪತ್ರೆಯ ಒಪಿಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ ಇದ್ದರೆ ಸರದಿಯಲ್ಲಿ ನಿಲ್ಲುವುದು ಉಳಿಯುತ್ತದೆ. ಮಾಡಿಸುವಾಗ ಒಟಿಪಿ ಬರುತ್ತದೆ. ಎದುರಿಗೆ ಕೂತ ಆರೋಗ್ಯ ಸಿಬ್ಬಂದಿ ಯಾವ ಕೆಲಸಕ್ಕೆ ಅಂತ ಹೇಳಿ ಕೇಳಿದರೆ ಸರಿ. ಫೋನಿನಲ್ಲಿ ಯಾರೋ "ಆರೋಗ್ಯ ಇಲಾಖೆಯಿಂದ" ಅಂತ ಕೇಳಿದರೆ ಕರೆ ಕತ್ತರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಅಂತ ಕೊನೆಯಾಗುವ ಫೈಲ್ ಬಂದರೆ ಒತ್ತಲೇಬೇಡಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಹೆಜ್ಜೆ 9: ಗುಟ್ಟು ಕಾಯುವುದು

ಕ್ಷಯ, ಎಚ್ಐವಿ, ಮಾನಸಿಕ ತೊಂದರೆ, ಗರ್ಭಪಾತ, ಬಂಜೆತನ. ಇವುಗಳಲ್ಲಿ ಯಾವುದೂ ಹೆಸರಿನ ಸಮೇತ ಯಾವ ಗುಂಪಿಗೂ ಹೋಗಬಾರದು. ಸಿಬ್ಬಂದಿಯ ಗುಂಪಿಗೂ ಕೂಡ. ಎಚ್ಐವಿ ವಿಷಯ ಒಪ್ಪಿಗೆ ಇಲ್ಲದೆ ಹೊರಹಾಕುವುದನ್ನು 2017ರ ಕಾಯ್ದೆ ತಡೆಯುತ್ತದೆ. ಹಳ್ಳಿಯಲ್ಲಿ ಹೆಸರು ಬಿಟ್ಟರೂ ಸಾಲದು. "ಮೇಲಿನ ಬೀದಿಯ ಒಬ್ಬ ಟೈಲರ್" ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಶಿಬಿರದ ಫೋಟೋ ತೆಗೆದು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ವರದಿಗೆ ಬೇಕು ಅಂತಲೇ ಇರಲಿ, ಬೆನ್ನ ಕಡೆಯಿಂದ ತೆಗೆಯಿರಿ. ಬಾಣಂತಿಯ, ತೂಕ ಕಡಿಮೆ ಇರುವ ಮಗುವಿನ ಮುಖ ಬೇಡ. ಒಪ್ಪಿಗೆ ಕೇಳುವಾಗ "ಫೋಟೋ ತೆಗೀಲಾ?" ಅನ್ನುವುದು ಸಾಲದು. "ಇದನ್ನು ಯಾರು ಯಾರು ನೋಡ್ತಾರೆ" ಅಂತಲೂ ಹೇಳಿ ಕೇಳಿ. ರೋಗಿಯ ಫೋಟೋ ವೈದ್ಯರಿಗೆ ಕಳಿಸಿ ಕೆಲಸ ಮುಗಿದ ಮೇಲೆ ನಿಮ್ಮ ಗ್ಯಾಲರಿಯಿಂದ, ಡಿಲೀಟ್ ಆದ ಫೋಟೋಗಳ ಫೋಲ್ಡರಿನಿಂದಲೂ ತೆಗೆಯಿರಿ. ನಿಮ್ಮ ಫೋನ್ ಮಕ್ಕಳ ಕೈಗೂ ಹೋಗುತ್ತದೆ, ಹಾಗಾಗಿ ವಾಟ್ಸ್‌ಆ್ಯಪ್‌ಗೆ ಬೇರೆ ಲಾಕ್ ಇರಲಿ. ಎಐ ಚಾಟ್‌ಗಳಿಗೆ ರೋಗಿಯ ಹೆಸರು, ರಿಪೋರ್ಟ್ ಹಾಕಬೇಡಿ. ಒಂದು ವಾಕ್ಯವನ್ನು ಸರಳ ಮಾಡಿಕೊಡು ಅಂತ ಕೇಳಬಹುದು, ಆದರೆ ಔಷಧಿ ಸಲಹೆಯನ್ನು ಅಲ್ಲಿಂದ ತೆಗೆದು ಊರಿಗೆ ಹಂಚಬಾರದು.

ಹೆಜ್ಜೆ 10: ಸುಳ್ಳು ಮೆಸೇಜಿಗೆ ಉತ್ತರ

ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಅದು ಬಹಳ ಸಲ ಫಾರ್ವರ್ಡ್ ಆದದ್ದು. ಬರೆದವರು ಯಾರು ಅಂತ ಕಳಿಸಿದವರಿಗೂ ಗೊತ್ತಿರುವುದಿಲ್ಲ. ಪ್ರಸಿದ್ಧ ವೈದ್ಯರ ಮುಖ, ಧ್ವನಿ ಹಾಕಿ ಮಾಡಿದ ನಕಲಿ ವಿಡಿಯೊಗಳೂ ಈಗ ಬರುತ್ತಿವೆ. ಒಂದು ಸುಲಭ ಗುರುತು ಹೇಳುತ್ತೇನೆ. ಶುಗರ್ ಪೂರ್ತಿ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಹಾಗೆ ಹೇಳುವವರು ಮೊದಲೇ ಕಾನೂನು ಮುರಿದಿದ್ದಾರೆ.

ಉತ್ತರ ಕೊಡುವಾಗ ಫಾರ್ವರ್ಡ್ ಮಾಡಿದವರನ್ನು ಗುಂಪಿನಲ್ಲಿ ಬೈಯಬೇಡಿ. ಅವರು ಒಳ್ಳೆಯದಕ್ಕೇ ಹಾಕಿರುತ್ತಾರೆ. ಅವರಿಗೆ ನೇರ ಕರೆ ಮಾಡಿ ಮಾತಾಡಿ. ಗುಂಪಿಗೆ ಸುಳ್ಳನ್ನು ಮತ್ತೆ ಹೇಳದೆ ನಿಜವನ್ನಷ್ಟೇ ಹೇಳಿ: "ಶುಗರ್ ಮಾತ್ರೆ ಬಿಡೋ ಮುಂಚೆ ಡಾಕ್ಟ್ರನ್ನ ಕೇಳಿ. ಕಷಾಯ ಕುಡಿಯೋರು ಮಾತ್ರೆ ಜೊತೆ ಅದು ಆಗುತ್ತಾ ಅಂತಾನೂ ಕೇಳಿ." ಅನುಮಾನ ಬಂದರೆ 104ಕ್ಕೆ, ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಬಹುದು.

ಹೆಜ್ಜೆ 11: ಬಿಡದೆ ವಿಚಾರಿಸುವುದು

ನೀಲಿ ಟಿಕ್ ಲೆಕ್ಕ ಹಾಕಬೇಡಿ. ಗುರುವಾರ ಸೆಂಟರಿಗೆ ಎಷ್ಟು ಜನ ಖಾಲಿ ಸ್ಟ್ರಿಪ್ ಹಿಡಿದು ಬಂದರು, ಅದನ್ನು ಲೆಕ್ಕ ಹಾಕಿ. ಬರದವರ ಹೆಸರಿನ ಮುಂದೆ ಗುರುತು ಹಾಕಿ, ಶುಕ್ರವಾರ ಕರೆ ಮಾಡಿ, ಶನಿವಾರವೂ ಸಿಗದಿದ್ದರೆ ಮನೆಗೆ ಹೋಗಿ. "ಯಾಕೆ ಬರಲಿಲ್ಲ?" ಅಂದರೆ ನೆಪ ಬರುತ್ತದೆ. "ಏನು ಅಡ್ಡಿ ಆಯ್ತು?" ಅಂದರೆ ಕಾರಣ ಬರುತ್ತದೆ. ಮಾವಿನ ಕೊಯ್ಲಿಗೆ ಕೂಲಿ ಸಿಕ್ಕಿತ್ತು, ಬಸ್ ಬರಲಿಲ್ಲ, ಮಾತ್ರೆ ನುಂಗಿದರೆ ತಲೆ ತಿರುಗುತ್ತೆ. ಕೂಲಿಗೆ ಹೋಗುವವರಿಗೆ ಸಂಜೆ ಹೊತ್ತು ಮಾತ್ರೆ ಕೊಡಲು ಆಗುತ್ತಾ ಅಂತ ಸಿಎಚ್‌ಒ ಜೊತೆ ಮಾತಾಡಿ. ತಲೆ ತಿರುಗುವವರನ್ನು ಆ ವಾರವೇ ವಿಡಿಯೊದಲ್ಲಿ ವೈದ್ಯರ ಎದುರು ಕೂರಿಸಿ.

ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇರುವವರು ಯಾವ ಕಾರಣಕ್ಕೆ ಸಿಕ್ಕರೂ ಕಫ ಪರೀಕ್ಷೆಗೆ ಕಳಿಸಿ. ಕ್ಷಯದ ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ನೇರ ಖಾತೆಗೆ ಬರುತ್ತದೆ. ಬಂದಿದೆಯಾ ಅಂತ ಅವರ ಜೊತೆ ಒಂಟಿಯಾಗಿ ಮಾತಾಡುವಾಗ ಕೇಳಿ.

ಕೊನೆಗೆ ಒಂದು ವ್ಯವಸ್ಥೆಯ ಮಾತು. ಗುಂಪಿಗೆ ಒಬ್ಬರೇ ಅಡ್ಮಿನ್ ಇದ್ದು, ಅವರು ಮದುವೆಯಾಗಿ ಬೇರೆ ಊರಿಗೆ ಹೋದರೆ ಅಥವಾ ವರ್ಗ ಆದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಶುರುವಿನಿಂದಲೇ ಇಬ್ಬರು ಅಡ್ಮಿನ್ ಇರಲಿ, ಒಬ್ಬರು ಆಶಾ, ಇನ್ನೊಬ್ಬರು ಸಂಘದವರು. ಧ್ವನಿ ಸಂದೇಶಗಳ ಫೈಲುಗಳನ್ನು ವಿಷಯದ ಹೆಸರು, ಭಾಷೆ, ತಿಂಗಳು ಹಾಕಿ ಒಂದು ಪೆನ್‌ಡ್ರೈವ್‌ಗೆ ಹಾಕಿ ಅರಿವು ಕೇಂದ್ರದಲ್ಲಿ ಇಡಿ. ರೋಗಿಗಳ ನೋಟ್‌ಬುಕ್ ಮಾತ್ರ ಅಲ್ಲಿ ಇಡಬೇಡಿ. ಅದು ಉಪಕೇಂದ್ರದ ಬೀರುವಿನಲ್ಲಿ ಬೀಗದೊಳಗೆ ಇರಲಿ. ಹೊಸದಾಗಿ ಬರುವವರಿಗೆ ಅದನ್ನು ಕೈಗೆ ಕೊಡುವ ದಿನ, ಮಾತ್ರೆ ಬಿಟ್ಟವರ ಮನೆಗಳಿಗೆ ಇಬ್ಬರೂ ಒಟ್ಟಿಗೆ ಒಂದು ಸುತ್ತು ಹೋಗಿ ಬನ್ನಿ.